ವೆನಮ್‌ನ ಕಿತ್ತಾಕಿದ್ರೆ ಸ್ಪೈಡರ್‌ಮ್ಯಾನ್ 3 ಸರಿಹೋಗುತ್ತಾ?

ಪ್ರಶ್ನೆ: ಸರ್, ನಾನು ದಾವಣಗೆರೆಲಿ ಬಿಇ ಮೂರನೇ ವರ್ಷ ಓದ್ತಿದ್ದೀನಿ. 2007ರ ಸ್ಪೈಡರ್‌ಮ್ಯಾನ್ 3 ಚಿಕ್ಕವನಿದ್ದಾಗಿಂದ ನೋಡ್ತಾ ಬಂದಿದ್ದೀನಿ, ತುಂಬಾ ಇಷ್ಟ, ಆದ್ರೆ ವಿಲನ್‌ಗಳು ಜಾಸ್ತಿ ಆಗೋದ್ರು ಅನ್ಸುತ್ತೆ. ವೆನಮ್‌ನ ಪೂರ್ತಿ ತೆಗೆದು, ಆ ಡ್ಯಾನ್ಸ್ ಕಿತ್ತಾಕಿ, 100 ನಿಮಿಷಕ್ಕೆ ನನ್ನದೇ ಒಂದು ವರ್ಷನ್ ಮಾಡ್ಕೋಬೇಕು ಅಂತ ಕೂತೆ. ಕಟ್ ಮಾಡಿದ ಕಡೆಯೆಲ್ಲಾ ಮ್ಯೂಸಿಕ್ ಜಂಪ್ ಹೊಡೀತಿದೆ, ಕ್ಲೈಮ್ಯಾಕ್ಸ್‌ಗೆ ಅರ್ಥಾನೇ ಇಲ್ದಂಗಾಯ್ತು. ಎಲ್ಲಿ ತಪ್ಪಿದೆ? ಮತ್ತೆ ಇದು ಕಾನೂನು ಪ್ರಕಾರ ತೊಂದ್ರೆನಾ?

ಉತ್ತರ: ಮ್ಯೂಸಿಕ್ ಜಂಪ್ ಆಗೋದು, ಕ್ಲೈಮ್ಯಾಕ್ಸ್ ಅರ್ಥ ಕಳ್ಕೊಳೋದು, ನೀವು ಇವೆರಡನ್ನ ಬೇರೆ ಬೇರೆ ಸಮಸ್ಯೆ ಅಂದ್ಕೊಂಡಿದ್ದೀರಿ, ಎರಡೂ ಒಂದೇ ಕಣ್ರಿ. ಇಷ್ಟ ಇಲ್ದಿರೋದನ್ನ ತೆಗೆಯೋಕೆ ಶುರು ಮಾಡಿದ್ರಿ, ಅದು ಏನನ್ನ ಹೊತ್ಕೊಂಡು ನಿಂತಿತ್ತು ಅಂತ ನೋಡ್ಲಿಲ್ಲ. ಹಳೇ ಮನೆ ರಿಪೇರಿಗೆ ಬಂದ ಮೇಸ್ತ್ರಿ ಗೋಡೆ ಒಡೆಯೋಕೆ ಮುಂಚೆ ಒಂದ್ಸಲ ತಲೆ ಎತ್ತಿ ತೊಲೆ ಎಲ್ಲಿ ಕೂತಿದೆ ಅಂತ ನೋಡ್ಕೋತಾನಲ್ಲ, ಫ್ಯಾನ್ ಎಡಿಟ್ (ಮುಗಿದ ಸಿನಿಮಾನ ಅಭಿಮಾನಿಯೇ ಮತ್ತೆ ಕತ್ತರಿಸಿ ಜೋಡಿಸೋದು) ಮಾಡೋರು ಕಲೀಬೇಕಾಗಿರೋ ಮೊದಲ್ನೇ ಕೆಲಸ ಅದು.

ಕ್ಲೈಮ್ಯಾಕ್ಸ್‌ನೇ ತಗೊಳಿ. ಪೀಟರ್ ಹುಡುಗಿ ಮೇರಿ ಜೇನ್ ಇರೋ ಟ್ಯಾಕ್ಸಿನ ಕಟ್ತಾ ಇರೋ ಬಿಲ್ಡಿಂಗ್ ಮೇಲೆ ಬಲೆಯಲ್ಲಿ ನೇತಾಕಿದ್ಯಾರು, ವೆನಮ್. ಸ್ಯಾಂಡ್‌ಮ್ಯಾನ್‌ನ ಪೀಟರ್ ವಿರುದ್ಧ ಎತ್ಕಟ್ಟಿ ಕರ್ಕೊಂಡ್ ಬಂದಿದ್ಯಾರು, ಅವನೇ. ಪೀಟರ್‌ಗೆ ಬೀಳ್ಬೇಕಾದ ಏಟಿಗೆ ಅವನ ಗೆಳೆಯ ಹ್ಯಾರಿ ಅಡ್ಡ ಬಂದು ಸಾಯ್ತಾನಲ್ಲ, ಆ ಏಟು ಹಾಕಿದ್ದೂ ಅವನೇ. ಈಗ ವೆನಮ್ ಇಲ್ಲ ಅಂತಾದ್ರೆ ಮೇರಿ ಜೇನ್ ಅಲ್ಲಿಗೆ ಹೋಗೋದೇ ಇಲ್ಲ, ಹ್ಯಾರಿ ಸಾಯೋದೂ ಇಲ್ಲ, ಹ್ಯಾರಿ ಸಾಯ್ದೇ ಇದ್ರೆ ಕೊನೇಲಿ ಆ ಜಾಝ್ ಕ್ಲಬ್‌ನಲ್ಲಿ ಪೀಟರ್, ಮೇರಿ ಜೇನ್ ಇಬ್ರೂ ಮಾತೇ ಆಡ್ದೆ ತಬ್ಕೊಂಡು ನಿಲ್ಲೋದು ಯಾವ ದುಃಖಕ್ಕೆ? ನಿಮ್ಮ ಕತ್ರಿ ಒಂದು ಪಾತ್ರಕ್ಕೆ ಬಿತ್ತು, ಆದ್ರೆ ಉದುರಿದ್ದು ಕತೆಯ ಮೂರು ಘಟನೆ.

ಮೊದ್ಲು ಒಂದು ಹಾಳೆ ತಗೊಂಡು, ಈ ಸಿನಿಮಾ ಯಾವುದರ ಬಗ್ಗೆ ಅಂತ ಒಂದೇ ಸಾಲಲ್ಲಿ ಬರೀರಿ. ನಾನಾದ್ರೆ ಕ್ಷಮೆ ಅಂತ ಬರೀತೀನಿ. ಪೀಟರ್ ಸ್ಯಾಂಡ್‌ಮ್ಯಾನ್ ಆಗಿರೋ ಮಾರ್ಕೋನ ಕ್ಷಮಿಸ್ಬೇಕು, ಹ್ಯಾರಿ ಪೀಟರ್‌ನ ಕ್ಷಮಿಸ್ಬೇಕು, ಮೇರಿ ಜೇನ್ ಪೀಟರ್‌ನ ಕ್ಷಮಿಸ್ಬೇಕು. ಮುಂದೆ ವೆನಮ್ ಆಗೋ ಎಡ್ಡಿ ಬ್ರಾಕ್ ಒಬ್ಬ ಮಾತ್ರ ತಾನು ಮಾಡಿದ ತಪ್ಪಿಗೆ ಚರ್ಚ್‌ಗೆ ಹೋಗಿ ಕ್ಷಮೆ ಕೇಳೋ ಬದ್ಲು, ಪೀಟರ್‌ನ ಸಾಯಿಸು ಅಂತ ದೇವ್ರ ಹತ್ರ ಬೇಡ್ಕೋತಾನೆ. ಹೀಗ್ ನೋಡಿದ್ರೆ ವೆನಮ್ ಈ ಕತೆಗೆ ಹೊರಗಿನವನಲ್ಲ, ಆ ಮೂರೂ ಜನರಿಗೆ ಎದುರು ನಿಲ್ಲಿಸಿದ ಕನ್ನಡಿ. ಸಮಸ್ಯೆ ಇರೋದು ಅವನು ಬಂದಿರೋದ್ರಲ್ಲಿ ಅಲ್ಲ, ತಡವಾಗಿ ಬಂದಿರೋದ್ರಲ್ಲಿ. 139 ನಿಮಿಷದ ಸಿನಿಮಾದಲ್ಲಿ ಎಡ್ಡಿ ವೆನಮ್ ಆಗೋ ಹೊತ್ತಿಗೆ ಹೆಚ್ಚು ಕಮ್ಮಿ ಮುಕ್ಕಾಲು ಭಾಗ ಮುಗಿದಿರುತ್ತೆ. ಡೈರೆಕ್ಟರ್ ಸ್ಯಾಮ್ ರೈಮಿಗೆ ಈ ಪಾತ್ರದ ಮೇಲೆ ಅಷ್ಟು ಮನಸ್ಸಿರ್ಲಿಲ್ಲ, ನಿರ್ಮಾಪಕ ಅವಿ ಅರಾಡ್ ಒತ್ತಾಯಕ್ಕೆ ಸೇರಿಸಿದ್ದು ಅನ್ನೋದು ಅವರಿಬ್ರೂ ಆಮೇಲೆ ಹೇಳ್ಕೊಂಡಿರೋ ವಿಷಯ, ಆ ಆತುರ ಪರದೆ ಮೇಲೂ ಕಾಣುತ್ತೆ. ಹಾಗಾಗಿ ವೆನಮ್‌ನ ಇಟ್ಕೊಂಡು ಅವನಿಗಿಂತ ಮುಂಚಿನ ದಾರಿ ಹಗುರ ಮಾಡಿ, ಆಗ ಅವನು ಬೇಗ ಬರ್ತಾನೆ. 100 ನಿಮಿಷ ಅನ್ನೋ ಟಾರ್ಗೆಟ್ ಬಿಟ್ಬಿಡಿ, ಕತೆ ಎಷ್ಟು ಕೇಳುತ್ತೋ ಅಷ್ಟು.

ಇನ್ನೊಂದು ವಿಷಯ ನಿಮಗೆ ಗೊತ್ತಿದ್ಯೋ ಇಲ್ವೋ, ಆ ವೆನಮ್ ಪಾತ್ರ ಮಾಡಿದ ಟೋಫರ್ ಗ್ರೇಸ್ ಸ್ವತಃ ಫ್ಯಾನ್ ಎಡಿಟ್ ಮಾಡೋ ಮನುಷ್ಯ. ಸ್ಟಾರ್ ವಾರ್ಸ್‌ನ ಮೂರು ಪ್ರೀಕ್ವೆಲ್‌ಗಳನ್ನ ಸೇರಿಸಿ 85 ನಿಮಿಷದ ಒಂದೇ ಸಿನಿಮಾ ಮಾಡಿ 2012ರಲ್ಲಿ ಗೆಳೆಯರನ್ನ ಕರೆದು ತೋರಿಸಿದ್ರು, ಹೊರಗೆ ಬಿಡ್ಲಿಲ್ಲ. ಎಡಿಟಿಂಗ್ ಹೆಂಗಿರುತ್ತೆ ಅಂತ ಕಲಿಯೋಕೆ ಮಾಡಿದ್ದು. ನಿಮ್ಮ ಉದ್ದೇಶಾನೂ ಅದೇ ಆಗಿದ್ರೆ ಒಳ್ಳೇ ದಾರಿಲೇ ಇದ್ದೀರಿ.

ಈಗ ಒಂದೇ ಒಂದು ಕಟ್ ಹತ್ರದಿಂದ ನೋಡೋಣ, ಯಾಕಂದ್ರೆ ಇದೇ ಸಿನಿಮಾನ ಎಡಿಟ್ ಮಾಡಿದ ಬಾಬ್ ಮುರಾವ್‌ಸ್ಕಿ ಅವ್ರೇ ವಾಪಸ್ ಕೂತು ಮಾಡಿದ ಎಡಿಟರ್ಸ್ ಕಟ್ 2017ರಲ್ಲಿ ಡಿಸ್ಕ್‌ನಲ್ಲಿ ಬಂತು. (ದಿ ಹರ್ಟ್ ಲಾಕರ್‌ಗೆ ಎಡಿಟಿಂಗ್ ಆಸ್ಕರ್ ತಗೊಂಡ ಜೋಡಿಯಲ್ಲಿ ಒಬ್ರು ಇವ್ರು.) ಥಿಯೇಟರ್ ವರ್ಷನ್‌ಗಿಂತ ಎರಡು ನಿಮಿಷ ಮಾತ್ರ ಚಿಕ್ಕದು. ಎರಡು ನಿಮಿಷದಲ್ಲಿ ಏನ್ ಬದಲಾಗುತ್ತೆ ಅಂತ ನಾನೂ ಅಂದ್ಕೊಂಡೇ ಹಾಕಿದ್ದೆ.

ಮೂಲದಲ್ಲಿ ಹೀಗಿದೆ. ಮೇರಿ ಜೇನ್‌ನ ಉಳಿಸೋಕೆ ಸಹಾಯ ಮಾಡು ಅಂತ ಪೀಟರ್ ಹ್ಯಾರಿ ಮನೆಗೆ ಬರ್ತಾನೆ. ಹ್ಯಾರಿ ತಿರುಗ್ತಾನೆ, ಅರ್ಧ ಮುಖ ಸುಟ್ಟೋಗಿದೆ, ಸುಟ್ಟಿದ್ದು ಪೀಟರ್ ಎಸೆದ ಬಾಂಬ್‌ನಿಂದ. ಹೊರಗೆ ಹೋಗು ಅಂತಾನೆ. ಪೀಟರ್ ಹೋಗ್ತಾನೆ. ಆಮೇಲೆ ಮನೆ ಬಟ್ಲರ್ ಬರ್ನಾರ್ಡ್ ಬಂದು, ನಿಮ್ಮ ತಂದೆ ಸತ್ತ ರಾತ್ರಿ ಗಾಯ ಒರೆಸಿದವನು ನಾನೇ, ಆ ಗಾಯ ಆಗಿದ್ದು ಅವರದ್ದೇ ಹಾರೋ ಯಂತ್ರ ಗ್ಲೈಡರ್‌ನಿಂದ ಅಂತ ಹೇಳ್ತಾನೆ. ಸರಿ ಹಾಗಾದ್ರೆ ಅಪ್ಪನ್ನ ಕೊಂದಿದ್ದು ಪೀಟರ್ ಅಲ್ಲ ಅಂತ ಹ್ಯಾರಿ ಸಹಾಯಕ್ಕೆ ಬರ್ತಾನೆ. ಇಷ್ಟು ವರ್ಷ ಸುಮ್ನಿದ್ದು ಈಗ ಹೇಳ್ತಿದ್ದೀಯಲ್ಲಪ್ಪ ಅಂತ ಥಿಯೇಟರ್‌ನಲ್ಲೇ ಜನಕ್ಕೆ ಅನ್ಸಿತ್ತು. ಮುರಾವ್‌ಸ್ಕಿ ಆ ಸೀನ್ ಪೂರ್ತಿ ಎತ್ತಿಬಿಟ್ರು. ಅದರ ಬದ್ಲು ಹ್ಯಾರಿ ಒಬ್ಬನೇ ತಾನು, ಪೀಟರ್, ಮೇರಿ ಜೇನ್ ಮೂವರೂ ಇರೋ ಹಳೇ ಫೋಟೋ ನೋಡ್ತಾನೆ, ಅಷ್ಟೇ. ಮಾತಿಲ್ಲ.

ಏನಾಯ್ತು ನೋಡಿ. ಮುಂಚೆ ಹ್ಯಾರಿ ಬಂದಿದ್ದು ಒಂದು ಮಾಹಿತಿ ಸಿಕ್ಕಿತು ಅಂತ. ಈಗ ಬಂದಿದ್ದು, ಅಪ್ಪನ್ನ ಕೊಂದವನು ಇವನೇ ಅಂತ ಇನ್ನೂ ನಂಬಿಕೊಂಡೇ, ಆದ್ರೂ ಗೆಳೆಯ ಅಂತ. ಅಂದ್ರೆ ಕ್ಷಮಿಸಿ ಬಂದ. ಬೇರೆ ಯಾವ ಶಾಟೂ ಮುಟ್ಟದೆ ಅವನ ಸಾವಿನ ತೂಕ ಬದಲಾಯ್ತು. ನೀವು ಏನನ್ನಾದ್ರೂ ತೆಗೀಬೇಕಾದ್ರೆ ಕೇಳ್ಕೋಬೇಕಾದ ಪ್ರಶ್ನೆ ಇದೇ: ಈ ಸೀನ್ ಪಾತ್ರಕ್ಕೆ ಬರೀ ಮಾಹಿತಿ ಕೊಡ್ತಿದ್ಯಾ, ಇಲ್ಲಾ ನಿರ್ಧಾರ ಮಾಡಿಸ್ತಿದ್ಯಾ? ಮಾಹಿತಿ ಆದ್ರೆ ಧೈರ್ಯವಾಗಿ ತೆಗೀರಿ, ನೋಡೋರು ಅದನ್ನ ತಾವೇ ತುಂಬ್ಕೋತಾರೆ. ನಿರ್ಧಾರ ಆದ್ರೆ ಕೈ ಹಾಕ್ಬೇಡಿ.

ಇದನ್ನ ನಾನು ಕಲ್ತಿದ್ದು ಬೇರೆ ಥರ. ಶುರುವಿನಲ್ಲಿ ಒಂದು ಸೀರಿಯಲ್‌ಗೆ ಎಡಿಟ್ ಮಾಡ್ತಿದ್ದಾಗ, ಎಪಿಸೋಡ್ 40 ಸೆಕೆಂಡ್ ಜಾಸ್ತಿ ಆಗಿತ್ತು. ಅಮ್ಮ ತುಳಸಿಕಟ್ಟೆ ಹತ್ರ ಸುಮ್ನೆ ನಿಂತಿರೋ ಒಂದು ಶಾಟ್ ಇತ್ತು, ಡೈಲಾಗ್ ಇಲ್ಲ, ಏನೂ ಆಗಲ್ಲ, ಕಿತ್ತೆ. ಮುಂದಿನ ಸೀನ್‌ನಲ್ಲಿ ಆಕೆ ಮಗಳಿಗೆ ಹೋಗಮ್ಮ ಅಂತಾಳೆ. ನೋಡಿದ್ರೆ ಸಿಟ್ಟಿಂದ ಹೊರಗೆ ಹಾಕಿದ ಹಾಗೆ ಕೇಳ್ತಿದೆ, ಅದೇ ಟೇಕ್, ಅದೇ ದನಿ. ತುಳಸಿಕಟ್ಟೆ ಹತ್ರ ನಿಂತು ಮನಸ್ಸು ಗಟ್ಟಿ ಮಾಡ್ಕೊಂಡು ಬಂದವಳು ಹೇಳೋದಕ್ಕೂ, ಅಡುಗೆಮನೆಯಿಂದ ಸೀದಾ ಬಂದವಳು ಹೇಳೋದಕ್ಕೂ ಅಷ್ಟು ವ್ಯತ್ಯಾಸ ಆಯ್ತು. ಶಾಟ್ ವಾಪಸ್ ಹಾಕಿ ಟೈಟಲ್ ಕಾರ್ಡ್‌ನಲ್ಲಿ, ಬಾಗಿಲು ತೆಗೆಯೋದ್ರಲ್ಲಿ, ಕಾರ್ ಬಂದು ನಿಲ್ಲೋದ್ರಲ್ಲಿ ಸೆಕೆಂಡ್ ಸೆಕೆಂಡಾಗಿ 40 ಹೊಂದಿಸಿದೆ.

ಡ್ಯಾನ್ಸ್ ವಿಷಯಕ್ಕೂ ಇದೇ. ಅದು ಎರಡು ತುಂಡು, ರಸ್ತೆಲಿ ಹುಡುಗಿಯರ ಕಡೆ ಬೆರಳು ತೋರಿಸ್ತಾ ನಡೆಯೋದು ಒಂದು, ಜಾಝ್ ಕ್ಲಬ್‌ನಲ್ಲಿ ಗ್ವೆನ್ ಅನ್ನೋ ಹುಡುಗಿ ಜೊತೆ ಕುಣಿಯೋದು ಇನ್ನೊಂದು. ರಸ್ತೆದು ತೆಗೆದ್ರೆ ಕತೆಗೆ ಏಟಿಲ್ಲ, ನನಗೆ ಅದೂ ಇಷ್ಟ, ಪೀಟರ್ ತಾನು ಹೀರೋ ಥರ ಇದ್ದೀನಿ ಅಂದ್ಕೊಂಡಿರೋದು ಎಷ್ಟು ಸುಳ್ಳು ಅಂತ ಆ ಹುಡುಗಿಯರ ಮುಖದಲ್ಲೇ ಬರೆದಿದೆ, ಆದ್ರೂ ನಿಮ್ಮ ಸಿನಿಮಾ ನಿಮ್ಮಿಷ್ಟ. ಕ್ಲಬ್‌ದು ಮಾತ್ರ ಬಿಡಿ. ಅಲ್ಲಿ ಗಲಾಟೆಯಲ್ಲಿ ಅವನ ಕೈ ಮೇರಿ ಜೇನ್‌ಗೆ ಬಿದ್ದು ಆಕೆ ನೆಲಕ್ಕೆ ಉರುಳ್ತಾಳಲ್ಲ, ಆ ಕ್ಷಣ ಇಲ್ದಿದ್ರೆ ಅವನು ಚರ್ಚ್ ಗಂಟೆ ಗೋಪುರಕ್ಕೆ ಹೋಗಿ ತನ್ನನ್ನ ಕೆಡಿಸಿದ ಆ ಕಪ್ಪು ಸೂಟ್ ಹರ್ಕೊಳೋದಕ್ಕೆ ಕಾರಣಾನೇ ಇರಲ್ಲ. ಅದು ಮಾಹಿತಿ ಅಲ್ಲ, ನಿರ್ಧಾರ.

ಹಾಗೇ ಮರಳಿಂದ ಮಾರ್ಕೋ ಎದ್ದು ಬರೋ ಸೀನ್. ಲ್ಯಾಗ್ ಅಂತ ಹೇಳಿ ಕೆಲವರು ಅದನ್ನ ಅರ್ಧ ಮಾಡ್ತಾರೆ, ದಯವಿಟ್ಟು ಬೇಡ. ಒಂದು ಮಾತಿಲ್ಲ, ಮರಳಿನ ಗುಡ್ಡೆ ಮೈ ಕಟ್ಟೋಕೆ ನೋಡ್ತಾ ಕುಸೀತಾ, ಮಗಳ ಫೋಟೋ ಇರೋ ಲಾಕೆಟ್ ಎತ್ಕೊಳೋಕೆ ಕೈ ಚಾಚಿದ್ರೆ ಕೈಯೇ ಉದುರಿ ಹೋಗುತ್ತೆ. ಆಮೇಲೆ ಮತ್ತೆ ಪ್ರಯತ್ನ. ಕ್ರಿಸ್ಟೋಫರ್ ಯಂಗ್ ಅವರ ಆರ್‌ಆರ್ (ಹಿನ್ನೆಲೆ ಸಂಗೀತ) ಅಲ್ಲಿ ಪೂರ್ತಿ ಆ ಕೈ ಜೊತೆಗೇ ಏರುತ್ತೆ. ಸೂಪರ್‌ಹೀರೋ ಸಿನಿಮಾಗಳಲ್ಲಿ ಇಷ್ಟು ಮೆತ್ತಗೆ ಒಬ್ಬ ವಿಲನ್ ಹುಟ್ಟಿದ್ದು ನಾನು ಬೇರೆ ನೋಡಿಲ್ಲ.

ಜಸ್ಟೀಸ್ ಲೀಗ್ ಉದಾಹರಣೆ ನಿಮ್ಮ ತಲೇಲಿ ಇರ್ಬಹುದು, 2017ರಲ್ಲಿ ಎರಡು ಗಂಟೆ ಇದ್ದ ಸಿನಿಮಾ 2021ರಲ್ಲಿ ಝ್ಯಾಕ್ ಸ್ನೈಡರ್ ಹೆಸರಲ್ಲಿ 242 ನಿಮಿಷ ಆಗಿ ಬಂತು, ಬೇರೆಯೇ ಸಿನಿಮಾ ಆಯ್ತು ಅಂತ. ಅದಕ್ಕೂ ನಿಮ್ಮ ಕೆಲಸಕ್ಕೂ ಹೋಲಿಕೆ ಇಲ್ಲ, ಅವ್ರ ಹತ್ರ ರಷಸ್ (ಶೂಟ್ ಮಾಡಿದ ಮೂಲ ತುಣುಕುಗಳು) ಇತ್ತು, ಸ್ಟುಡಿಯೋ ದುಡ್ಡಿತ್ತು. ನಿಮಗೆ ಹತ್ತಿರದ್ದು ಸೂಪರ್‌ಮ್ಯಾನ್ 2. ರಿಚರ್ಡ್ ಡೋನರ್ ಒಂದನೇ ಭಾಗದ ಜೊತೆಗೇ ಎರಡನೆಯದ್ರಲ್ಲೂ ಬಹುಪಾಲು ಶೂಟ್ ಮಾಡಿದ್ರು, ಆಮೇಲೆ ಅವ್ರನ್ನ ಕೈಬಿಟ್ಟು ರಿಚರ್ಡ್ ಲೆಸ್ಟರ್ ಕೈಲಿ ಮುಗಿಸಿದ್ರು. ಬೇರೆ ಬೇರೆ ದೇಶದ ಟಿವಿಯಲ್ಲಿ ಬಂದ ಹೆಚ್ಚಿನ ಸೀನ್‌ಗಳನ್ನ ಅಭಿಮಾನಿಗಳು ಟೇಪ್‌ನಿಂದ ಆರಿಸಿ ಒಂದು ಕಟ್ ಕಟ್ಟಿದ್ರು, ಸ್ಟುಡಿಯೋ ಕಾನೂನು ಕ್ರಮದ ಎಚ್ಚರಿಕೆ ಕೊಡ್ತು. 2006ರಲ್ಲಿ ಡೋನರ್ ಕಟ್ ಅಧಿಕೃತವಾಗಿಯೇ ಬಂತು. ಅದ್ರಲ್ಲಿ ಲೋಯಿಸ್ ಹೋಟೆಲ್ ರೂಮಲ್ಲಿ ಕ್ಲಾರ್ಕ್ ಮೇಲೆ ಗುಂಡು ಹಾರಿಸಿ ಅವನೇ ಸೂಪರ್‌ಮ್ಯಾನ್ ಅನ್ನೋ ಗುಟ್ಟು ಹೊರಗೆ ತರೋ ಸೀನ್ ಇದೆ. ಅದನ್ನ ಸಿನಿಮಾಗೆ ಅಂತ ಶೂಟೇ ಮಾಡಿರ್ಲಿಲ್ಲ! ಆ ಎರಡು ಪಾತ್ರ ಮಾಡಿದ ಕ್ರಿಸ್ಟೋಫರ್ ರೀವ್, ಮಾರ್ಗಾಟ್ ಕಿಡರ್ ಅವರ ಸ್ಕ್ರೀನ್ ಟೆಸ್ಟ್‌ಗಳಲ್ಲಿ ಆ ಸೀನ್ ಇತ್ತು, ಎರಡು ಬೇರೆ ಟೆಸ್ಟ್‌ನ ಜೋಡಿಸಿ ಹಾಕಿದ್ರು. ಗಮನ ಕೊಟ್ರೆ ಶಾಟ್‌ನಿಂದ ಶಾಟ್‌ಗೆ ರೀವ್ ಕೂದಲು ಬದಲಾಗೋದು ಕಾಣುತ್ತೆ. ಆದ್ರೂ ಆ ಸೀನ್ ಕೆಲಸ ಮಾಡುತ್ತೆ ಯಾಕಂದ್ರೆ ನೀವು ನೋಡ್ತಿರೋದು ಕೂದಲನ್ನಲ್ಲ, ಅವಳಿಗೆ ಗೊತ್ತಾಗೋಯ್ತಾ ಅನ್ನೋ ಅವನ ಕಣ್ಣನ್ನ. ಕಂಟಿನ್ಯೂಟಿಗಿಂತ ಭಾವನೆ ದೊಡ್ಡದು ಅಂತ ಎಡಿಟರ್‌ಗಳು ಹೇಳ್ತಾರಲ್ಲ, ಇದಕ್ಕಿಂತ ಸಾಕ್ಷಿ ಬೇಡ.

ರಷಸ್ ಇಲ್ದಿರೋ ನಿಮಗೆ ಬಂಡವಾಳ ಅಂದ್ರೆ ಕಟ್‌ಅವೇಗಳು, ಮುಖ್ಯ ಆ್ಯಕ್ಷನ್ ಬಿಟ್ಟು ಮಧ್ಯೆ ಬೇರೆ ಕಡೆ ತೋರಿಸೋ ಶಾಟ್‌ಗಳು. ಜನ ಮೇಲೆ ನೋಡೋದು, ನ್ಯೂಯಾರ್ಕ್ ಬಿಲ್ಡಿಂಗ್‌ಗಳು, ಪೊಲೀಸ್ ಕಾರ್, ಯಾರದ್ದೋ ಮುಖ. ಕ್ಲೈಮ್ಯಾಕ್ಸ್‌ನಲ್ಲಿ ಟಿವಿ ರಿಪೋರ್ಟರ್ ನಮಗೆ ಕಾಣ್ತಿರೋದನ್ನೇ ಮತ್ತೆ ಬಾಯಲ್ಲಿ ಹೇಳ್ತಾಳೆ, ಆಕೆಯ ಮಾತು ಆರಾಮಾಗಿ ತೆಗೀಬಹುದು, ಆದ್ರೆ ಆ ಜನರ ಶಾಟ್‌ಗಳನ್ನ ಡಿಲೀಟ್ ಮಾಡ್ಬೇಡಿ, ಬೇರೆ ಬಿನ್‌ನಲ್ಲಿ (ಎಡಿಟಿಂಗ್ ಸಾಫ್ಟ್‌ವೇರ್‌ನ ಫೋಲ್ಡರ್) ಎತ್ತಿಡಿ. ಎರಡು ಆ್ಯಕ್ಷನ್ ಶಾಟ್ ಕೂಡಿಸೋಕೆ ಆಗ್ದಿದ್ದಾಗ ಮಧ್ಯೆ 20 ಫ್ರೇಮ್ ಜನ ಹಾಕಿದ್ರೆ ಜಂಪ್ ಮುಚ್ಚೋಗುತ್ತೆ.

ಈಗ ಸೌಂಡ್‌ಗೆ ಬರೋಣ, ನೂರಕ್ಕೆ ತೊಂಬತ್ತು ಫ್ಯಾನ್ ಎಡಿಟ್ ಸೋಲೋದು ಇಲ್ಲೇ ಅಂತ ನನ್ನ ಅನುಭವ. ಮಿಕ್ಸ್ ಆಗಿ ಮುಗಿದಿರೋ ಸಿನಿಮಾದಲ್ಲಿ ಆರ್‌ಆರ್ ಒಂದು ಸೀನ್‌ನಿಂದ ಇನ್ನೊಂದಕ್ಕೆ ಹರಿದು ಹೋಗಿರುತ್ತೆ. ನೀವು ಪಿಕ್ಚರ್ ಮತ್ತೆ ಸೌಂಡ್ ಒಟ್ಟಿಗೆ ಒಂದೇ ಜಾಗದಲ್ಲಿ ಕತ್ತರಿಸಿದ್ರೆ ಹಾಡಿನ ಮಧ್ಯೆ ಕರೆಂಟ್ ಹೋದ ಹಾಗೆ ಆಗುತ್ತೆ. ಡಿಸ್ಕ್‌ನಲ್ಲಿ 5.1 ಟ್ರ್ಯಾಕ್ ಇರುತ್ತಲ್ಲ, ಅದನ್ನ ಸ್ಟೀರಿಯೋ ಮಾಡ್ದೆ ಆರು ಚಾನೆಲ್ಲನ್ನೂ ಬೇರೆ ಬೇರೆ ಟ್ರ್ಯಾಕ್ ಆಗಿ ಟೈಮ್‌ಲೈನ್‌ಗೆ ಇಳಿಸ್ಕೊಳಿ. ಸೆಂಟರ್‌ನಲ್ಲಿ ಮಾತು ಮತ್ತೆ ಹೆಜ್ಜೆ ಸದ್ದಿನಂಥ ಎಫೆಕ್ಟ್ಸ್ ಇರುತ್ತೆ, ಮ್ಯೂಸಿಕ್ ಬಹುಪಾಲು ಲೆಫ್ಟ್, ರೈಟ್, ಸರೌಂಡ್‌ನಲ್ಲಿ. ಸೆಂಟರ್ ಮಾತ್ರ ಪಿಕ್ಚರ್ ಜೊತೆ ಕಟ್ ಮಾಡಿ, ಮಿಕ್ಕಿದ್ದನ್ನ ಕಟ್ ದಾಟಿಸಿ ಸ್ವಲ್ಪ ಹರಿಯೋಕೆ ಬಿಟ್ಟು ಮೆಲ್ಲಗೆ ಇಳಿಸಿ. ಇನ್ನೂ ಗೊತ್ತಾಗ್ತಿದೆ ಅಂದ್ರೆ ಕಟ್ಟನ್ನೇ ಒಂದು ದೊಡ್ಡ ಸದ್ದಿನ ಮೇಲೆ ಕೂರಿಸಿ, ಬಾಗಿಲು ಬಡಿಯೋದು, ಕಾರ್ ಹಾರ್ನ್, ಕಬ್ಬಿಣ ಬೀಳೋದು. ಆ ಏಟಿಗೆ ಕಿವಿ ಮ್ಯೂಸಿಕ್ ಮರ್ತುಬಿಡುತ್ತೆ.

ಇನ್ನೊಂದು ದಾರಿ, ಡಬ್ಬಿಂಗ್ ಟ್ರ್ಯಾಕ್. ಸ್ಪೈಡರ್‌ಮ್ಯಾನ್ 3 ನಮ್ಮ ದೇಶದಲ್ಲಿ ಹಿಂದಿ, ತಮಿಳು, ತೆಲುಗು, ಭೋಜ್‌ಪುರಿಲೂ ಬಂತು (ಕನ್ನಡದಲ್ಲಿ ಆಗ ಡಬ್ಬಿಂಗ್‌ಗೆ ಜಾಗ ಇರ್ಲಿಲ್ಲ, ಡಬ್ಬಿಂಗ್ ತಡೆಯೋದು ತಪ್ಪು ಅನ್ನೋ ಸ್ಪರ್ಧಾ ಆಯೋಗದ ತೀರ್ಪು ಬಂದಿದ್ದೇ 2015ರಲ್ಲಿ). ಡಬ್ ಮಾಡೋರಿಗೆ ಸ್ಟುಡಿಯೋ ಮಾತಿಲ್ದೆ ಬರೀ ಮ್ಯೂಸಿಕ್ ಮತ್ತೆ ಎಫೆಕ್ಟ್ಸ್ ಇರೋ ಟ್ರ್ಯಾಕ್ ಕೊಡುತ್ತೆ, ಅದ್ರ ಮೇಲೆ ಮಾತು ಕೂರಿಸ್ತಾರೆ. ಅಂದ್ರೆ ಕೆಳಗಿನ ಸದ್ದು ಹೆಚ್ಚು ಕಮ್ಮಿ ಒಂದೇ. ಇಂಗ್ಲಿಷ್‌ನಲ್ಲಿ ಒಂದು ಸಾಲು ತೆಗೀಬೇಕು, ಆ ಜಾಗದಲ್ಲಿ ಹಿಂದಿಯವನು ಅರ್ಧ ಸೆಕೆಂಡ್ ಮುಂಚೆ ಮಾತು ಮುಗಿಸಿದ್ದಾನೆ ಅಂದ್ರೆ, ಆ ಅರ್ಧ ಸೆಕೆಂಡ್ ಖಾಲಿ ಸದ್ದು ನಿಮ್ಮದು, ತಂದು ಪ್ಯಾಚ್ ಹಾಕಿ. ನಿಮ್ಮ ಡಿಸ್ಕ್‌ನಲ್ಲಿ ಇಂಥ ಟ್ರ್ಯಾಕ್ ಇದ್ಯಾ ಅಂತ ಮೊದ್ಲು ನೋಡಿ. ಎಡಿಟರ್ಸ್ ಕಟ್‌ನಲ್ಲೂ ಹಲವು ಕಡೆ ಆರ್‌ಆರ್ ಬೇರೆ ಇದೆ, ಅದೂ ಸಾಮಾನೇ. ಡೆಮಕ್ಸ್ ಥರದ ಎಐ ಟೂಲ್‌ಗಳು ಮಾತು, ಮ್ಯೂಸಿಕ್ ಬೇರ್ಪಡಿಸಿ ಕೊಡ್ತವೆ, ಒಂದೆರಡು ಸೆಕೆಂಡ್‌ಗೆ ಓಕೆ, ಉದ್ದಕ್ಕೆ ಬಳಸಿದ್ರೆ ಬಿಂದಿಗೆ ಒಳಗಿಂದ ಮಾತಾಡ್ದಂಗೆ ಕೇಳುತ್ತೆ. ಒಂದು ರೀಲ್ ಮುಗಿದ ಮೇಲೆ ಸ್ಕ್ರೀನ್ ಆಫ್ ಮಾಡಿ ಹೆಡ್‌ಫೋನ್‌ನಲ್ಲಿ ಬರೀ ಕೇಳಿ, ಎಲ್ಲಿ ತಲೆ ಎತ್ತಿ ನೋಡ್ಬೇಕು ಅನ್ಸುತ್ತೋ ಅಲ್ಲಿ ಕಟ್ ಕೆಟ್ಟಿದೆ.

ಮಿಕ್ಕಿದ್ದು ಬೇಗ ಹೇಳ್ತೀನಿ. ಸ್ಕ್ರೀನ್ ರೆಕಾರ್ಡ್ ಮಾಡಿದ ಫೈಲ್ ಬೇಡ, ಫ್ರೇಮ್ ರೇಟ್ ಸಮ ಇರಲ್ಲ, ಸಿಂಕ್ ಹೋಗುತ್ತೆ. 4ಕೆ ಎಚ್‌ಡಿಆರ್ ಆಸೆ ಬಿಟ್ಟು ಸಾಧಾರಣ ಬ್ಲೂರೇ ಸಾಕು. ಟೈಮ್‌ಲೈನ್ ಫ್ರೇಮ್ ರೇಟ್ 23.976ಕ್ಕೆ ಮೊದ್ಲೇ ಇಟ್ಕೊಳಿ, ಆಮೇಲೆ ಬದಲಾಯಿಸೋದು ನರಕ. ಡಾವಿಂಚಿ ರಿಸಾಲ್ವ್ ಫ್ರೀ ವರ್ಷನ್ ಧಾರಾಳ ಆಗುತ್ತೆ, ಲ್ಯಾಪ್‌ಟಾಪ್ ಎಳೀಲಿಲ್ಲ ಅಂದ್ರೆ 720ರ ಪ್ರಾಕ್ಸಿ (ಎಡಿಟ್ ಮಾಡೋಕೆ ಮಾತ್ರ ಬಳಸೋ ಹಗುರ ನಕಲು) ಮಾಡ್ಕೊಳಿ.

ಕಾನೂನು. ನಮ್ಮ 1957ರ ಕಾಪಿರೈಟ್ ಕಾಯ್ದೆಲಿ ಫ್ಯಾನ್ ಎಡಿಟ್ ಅಂತ ಒಂದು ಪದಾನೂ ಇಲ್ಲ. ಕಲಂ 52ರಲ್ಲಿ ಖಾಸಗಿ ಬಳಕೆಗೆ, ವಿಮರ್ಶೆಗೆ ನ್ಯಾಯಯುತ ಬಳಕೆ ಅಂತ ಅವಕಾಶ ಇದೆ. 2012ರಲ್ಲಿ ಸೇರಿಸಿದ ಕಲಂ 65ಎ ಪ್ರಕಾರ ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಡಿಸ್ಕ್‌ನ ಲಾಕ್ ಒಡೆದ್ರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಾಗಾಗಿ ದುಡ್ಡು ಕೊಟ್ಟು ತಗೊಂಡ ನಿಮ್ಮದೇ ಡಿಸ್ಕ್, ನಿಮ್ಮ ಮನೆ, ಕಲಿಯೋ ಉದ್ದೇಶ, ಇಲ್ಲಿಗೆ ನಿಲ್ಲಿಸಿ. ಅಪ್‌ಲೋಡ್ ಮಾಡೋದು, ಟೆಲಿಗ್ರಾಂಗೆ ಹಾಕೋದು, ಕಾಲೇಜ್ ಫೆಸ್ಟ್‌ನಲ್ಲಿ ಟಿಕೆಟ್ ಇಟ್ಟು ತೋರಿಸೋದು, ಯಾವುದೂ ಬೇಡ, ಅಲ್ಲಿಗೆ ಅದು ಖಾಸಗಿ ಅಲ್ಲ. ನಿಮ್ಮ ಕೆಲಸ ಯಾರಿಗಾದ್ರೂ ತೋರಿಸ್ಬೇಕು ಅಂದ್ರೆ ಕಟ್ ಲಿಸ್ಟ್ ತೋರಿಸಿ. ಯಾವ ಟೈಮ್‌ಕೋಡ್‌ನಲ್ಲಿ ಏನು ತೆಗೆದೆ, ಯಾಕೆ ತೆಗೆದೆ ಅಂತ ಬರ್ದಿರೋ ನಾಲ್ಕು ಪುಟ. ನನ್ನ ಹತ್ರ ಅಸಿಸ್ಟೆಂಟ್ ಆಗೋಕೆ ಬರೋ ಹುಡುಗರು ಶೋರೀಲ್ ತರ್ತಾರೆ, ಫಾಸ್ಟ್ ಕಟ್, ಬೀಟ್‌ಗೆ ಟ್ರಾನ್ಸಿಷನ್, ಎಲ್ಲಾ ಒಂದೇ ಥರ. ಯಾಕೆ ತೆಗೆದೆ ಅಂತ ಬರ್ಕೊಂಡು ಬಂದ ಹುಡುಗ ಸಿಕ್ಕಿದ್ರೆ ಅವತ್ತೇ ಕೂರಿಸ್ಕೋತೀನಿ.

ಕೊನೆಗೆ, ಕಟ್ ಆದ್ಮೇಲೆ ಸ್ಪೈಡರ್‌ಮ್ಯಾನ್ ಗೆಳೆಯರಿಗೆ ತೋರಿಸ್ಬೇಡಿ, ಅವ್ರಿಗೆ ಎಲ್ಲಾ ಬಾಯಿಪಾಠ, ನೀವು ತೆಗೆದಿದ್ದನ್ನ ಅವ್ರ ತಲೆ ವಾಪಸ್ ತುಂಬ್ಕೊಂಡುಬಿಡುತ್ತೆ. ಈ ಸಿನಿಮಾನೇ ನೋಡದಿರೋ ಅಮ್ಮನ್ನೋ ಅಕ್ಕನ್ನೋ ಕೂರಿಸಿ, ನೀವು ಪಕ್ಕದಲ್ಲಿ ಪೆನ್ ಹಿಡ್ಕೊಂಡು ಕೂತ್ಕೊಳಿ. ಪರದೆ ನೋಡ್ಬೇಡಿ, ಅವ್ರನ್ನ ನೋಡಿ. ಫೋನ್‌ಗೆ ಕೈ ಹೋದ ಟೈಮ್ ಬರ್ಕೊಳಿ, ಇವನ್ಯಾರು ಅಂತ ಕೇಳಿದ ಟೈಮ್ ಬರ್ಕೊಳಿ. ಬಾಯಿ ಬಿಟ್ಟು ಉತ್ತರ ಹೇಳ್ಬೇಡಿ. ಹ್ಯಾರಿ ಸಾಯೋ ಹೊತ್ತಿಗೆ ಅವ್ರು ನಿಮ್ಮ ಕಡೆ ತಿರುಗಿ ಏನೂ ಕೇಳದೆ ಪರದೆ ಕಡೆನೇ ನೋಡ್ತಿದ್ರೆ, ಬರ್ನಾರ್ಡ್ ಇಲ್ದೆ ನಿಮ್ಮ ಕಟ್ ನಿಂತಿದೆ ಅಂತ ಅರ್ಥ. ತಿರುಗಿ ಕೇಳಿದ್ರೆ ಆ ಫೋಟೋ ಶಾಟ್ 12 ಫ್ರೇಮ್ ಉದ್ದ ಮಾಡಿ ಮತ್ತೆ ಹಾಕಿ.